ಮೆಂಬ್ರೇನ್ ಹಾಕುವ ಮುಂಚೆ ಮೋರಿ ನೋಡಿ

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿನ ರೇಟನ್ನು ಸರ್ಕಾರವೇ ನಿಗದಿ ಮಾಡುವ ಪರಿಸ್ಥಿತಿ ಬಂತಲ್ಲ, ಆವಾಗಿನಿಂದ ನನಗೆ ಬರುವ ಫೋನುಗಳ ಧಾಟಿಯೇ ಬದಲಾಗಿದೆ. ಮೊದಲೆಲ್ಲ ಡೈರಿಯವರು ಫೋನ್ ಮಾಡಿದರೆ “ಸಾರ್, ಪೊಲ್ಯೂಷನ್ ಬೋರ್ಡಿನವರು ನೋಟಿಸ್ ಕೊಟ್ಟಿದ್ದಾರೆ, ಇಟಿಪಿ ಒಂಚೂರು ಬಂದು ನೋಡಿ” ಅನ್ನುತ್ತಿದ್ದರು. ಇಟಿಪಿ ಅಂದರೆ ಕಾರ್ಖಾನೆಯ ಕೊಳೆನೀರು ಶುದ್ಧ ಮಾಡುವ ಘಟಕ. ಈಗ “ಸಾರ್, ಕೊನೆಯಲ್ಲಿ ಒಂದು ಆರ್‌ಒ ಹಾಕಿಬಿಟ್ಟರೆ ನೀರೆಲ್ಲ ವಾಪಸ್ ಬಳಸಬಹುದಲ್ವಾ?” ಅಂತ ಕೇಳುತ್ತಾರೆ. ಆರ್‌ಒ ಅಂದರೆ ಮೆಂಬ್ರೇನ್ ಅನ್ನೋ ಅತಿ ಸಣ್ಣ ತೂತಿನ ಹಾಳೆಯ ಮೂಲಕ ಒತ್ತಡದಿಂದ ನೀರು ದಾಟಿಸಿ ಉಪ್ಪು, ಕೊಳೆ ಬೇರೆ ಮಾಡುವ ಯಂತ್ರ. ಹಾಕಬಹುದು. ಹಾಕಿಕೊಡುವವರು ಪೀಣ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಷ್ಟು ತಿಂಗಳು ನಡೆಯುತ್ತೆ ಅನ್ನೋದು ಬೇರೆ ಮಾತು.

ಕೊಳೆನೀರು ಶುದ್ಧ ಮಾಡುವ ಘಟಕಗಳನ್ನು ಕಟ್ಟುವುದು, ಕೆಟ್ಟವನ್ನು ರಿಪೇರಿ ಮಾಡುವುದು ನನ್ನ ಕೆಲಸ. ಊರಿನ ಸುತ್ತಮುತ್ತ ಇರುವ ಹಾಲು, ಮೊಸರು, ಪನೀರ್, ಐಸ್‌ಕ್ರೀಂ ಯೂನಿಟ್‌ಗಳಿಗೆ ಓಡಾಡುತ್ತಿರುತ್ತೇನೆ. ಮೆಂಬ್ರೇನ್ ಬಗ್ಗೆ ಪ್ರತಿ ಫೋನಿನಲ್ಲೂ ಅದೇ ಪುರಾಣ ಹೇಳಿ ಬಾಯಿ ಒಣಗಿದೆ. ಅದಕ್ಕೇ ಒಂದ್ಸಲ ಬರೆದಿಟ್ಟುಬಿಡೋಣ ಅಂತ ಕೂತಿದ್ದೇನೆ. ಇನ್ನು ಮೇಲೆ ಲಿಂಕ್ ಕಳಿಸಿದರೆ ಆಯ್ತು.

ನಾನು ಹೇಳೋದು ಇಷ್ಟೇ. ಮೆಂಬ್ರೇನ್ ಏನನ್ನೂ ಕರಗಿಸುವುದಿಲ್ಲ, ಸುಡುವುದಿಲ್ಲ, ತಿನ್ನುವುದಿಲ್ಲ. ಬೇರೆ ಮಾಡುತ್ತದೆ, ಅಷ್ಟೇ. ಈ ಕಡೆ ಒಳ್ಳೆ ನೀರು ಬಂತು ಅಂದರೆ ಆ ಕಡೆ ಗಟ್ಟಿ ಕೊಳೆ ಉಳಿಯಿತು ಅಂತ ಅರ್ಥ. ಹಾಗಾಗಿ ಅದನ್ನು ಎಲ್ಲಿ ಇಡುತ್ತೀರಿ ಅನ್ನೋದೇ ದೊಡ್ಡ ಪ್ರಶ್ನೆ. ನಮ್ಮಲ್ಲಿ ಎಲ್ಲರೂ ಕೊನೆಯಲ್ಲಿ ಇಡುತ್ತಾರೆ. ಡೈರಿಯಲ್ಲಿ ಅದಕ್ಕೆ ಜಾಸ್ತಿ ಬೆಲೆ ಇರುವುದು ಮೊದಲಲ್ಲಿ.

ಡೈರಿಯ ಕೊಳೆ ಅಂದ್ರೆ ಏನು ಅಂತ ನೋಡಿ. ಅಲ್ಲಿ ವಿಷ ಇಲ್ಲ, ಬಣ್ಣ ಇಲ್ಲ, ಸೀಸ ಪಾದರಸ ಇಲ್ಲ. ಇರೋದು ಹಾಲು. ನಾವು ಕುಡಿಯೋದೇ. ಆದರೆ ಒಂದು ಲೀಟರ್ ಹಾಲಿನ ಬಿಒಡಿ ಸುಮಾರು 1,00,000 ಮಿಲಿಗ್ರಾಂ. ಬಿಒಡಿ ಅಂದರೆ ಆ ನೀರಿನಲ್ಲಿರುವ ತಿನ್ನೋ ವಸ್ತುವನ್ನು ಬ್ಯಾಕ್ಟೀರಿಯಾ ತಿಂದು ಮುಗಿಸಲು ಎಷ್ಟು ಆಮ್ಲಜನಕ ಬೇಕು ಅನ್ನೋ ಲೆಕ್ಕ. ನಮ್ಮ ದೇಶದಲ್ಲಿ 27 ಡಿಗ್ರಿಯಲ್ಲಿ 3 ದಿನ ಇಟ್ಟು ಅಳೆಯುತ್ತಾರೆ. ಡೈರಿಗೆ ಪರಿಸರ ನಿಯಮದಲ್ಲಿ ಕೊಟ್ಟಿರುವ ಮಿತಿ ಲೀಟರಿಗೆ 100 ಮಿಲಿಗ್ರಾಂ. ಜೊತೆಗೆ ತೇಲುವ ಕಣ 150, ಎಣ್ಣೆ-ಜಿಡ್ಡು 10. ಬೋರ್ಡಿನವರು ಕೊಟ್ಟ ನಿಮ್ಮ ಕನ್ಸೆಂಟ್ (ಅನುಮತಿ) ಪತ್ರದಲ್ಲಿ ಇದಕ್ಕಿಂತ ಬಿಗಿ ಇದ್ದರೂ ಇರಬಹುದು, ತೆಗೆದು ಓದಿ. ಈಗ ಲೆಕ್ಕ ಹಾಕಿ. ಮೋರಿಗೆ ಹೋದ ಒಂದು ಲೀಟರ್ ಹಾಲನ್ನು ಬರೀ ನೀರು ಬೆರೆಸಿ ಆ ಮಿತಿಗೆ ತರಬೇಕು ಅಂದರೆ ಸಾವಿರ ಲೀಟರ್ ಶುದ್ಧ ನೀರು ಬೇಕು. (ಬೆರೆಸಿ ಬಿಡುವುದು ಕಾನೂನಿನ ಪ್ರಕಾರ ತಪ್ಪು. ಲೆಕ್ಕಕ್ಕೆ ಹೇಳಿದೆ.)

ಇನ್ನೊಂದು ಲೆಕ್ಕ. ದಿನಕ್ಕೆ ಒಂದು ಲಕ್ಷ ಲೀಟರ್ ಹಾಲು ನಡೆಸುವ ಡೈರಿ ಇದೆ ಅಂದುಕೊಳ್ಳಿ. ನೂರಕ್ಕೆ ಒಂದು ಭಾಗ ಪೈಪು, ಟ್ಯಾಂಕರ್, ಒಡೆದ ಪ್ಯಾಕೆಟ್ ಅಂತ ಮೋರಿ ಪಾಲಾಯಿತು. ಅಂದರೆ ಸಾವಿರ ಲೀಟರ್ ಹಾಲು, ನೂರು ಕಿಲೋ ಬಿಒಡಿ. ಒಬ್ಬ ಮನುಷ್ಯನ ದಿನದ ಕೊಳಚೆಯಲ್ಲಿ 50 ಗ್ರಾಂ ಅಂತ ಹಿಡಿದರೂ ಎರಡು ಸಾವಿರ ಜನರ ಕೊಳಚೆಗೆ ಸಮ. ದೊಡ್ಡ ಅಪಾರ್ಟ್‌ಮೆಂಟ್ ಒಂದು ನಿಮ್ಮ ಕಾಂಪೌಂಡಿನಲ್ಲೇ ಕೂತ ಹಾಗಾಯಿತು. “ಒಂದು ಪರ್ಸೆಂಟ್ ಲಾಸ್ ಅಂದ್ರೆ ಒಳ್ಳೇದೇ ಸಾರ್” ಅಂತ ಪ್ರೊಡಕ್ಷನ್ ಮ್ಯಾನೇಜರ್ ಹೇಳುವಾಗ ನನಗೆ ಕಾಣಿಸೋದು ಆ ಅಪಾರ್ಟ್‌ಮೆಂಟು.

ಬೆಂಗಳೂರಿಗೂ ಡೈರಿಗೂ ಹಳೇ ನಂಟು, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಆಡುಗೋಡಿಯಲ್ಲಿರುವ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರದ ಮೂಲ 1923ರದ್ದು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ಹಸು ಸಾಕಣೆ, ಹಾಲಿನ ಕೆಲಸ ಕಲಿತಿದ್ದರು. ಪಕ್ಕದಲ್ಲೇ ಡೈರಿ ಸರ್ಕಲ್. ದಿನಾ ಆ ಫ್ಲೈಓವರ್ ಕೆಳಗೆ ಟ್ರಾಫಿಕ್‌ನಲ್ಲಿ ನಿಂತು ಬೈದುಕೊಳ್ಳುವ ನಮಗೆ ಆ ಹೆಸರು ಎಲ್ಲಿಂದ ಬಂತು ಅನ್ನೋದೇ ಮರೆತುಹೋಗಿದೆ.

ಮತ್ತೆ ಮೋರಿಗೆ ಬರೋಣ. ಡೈರಿಯ ನೀರು ದಿನವಿಡೀ ಒಂದೇ ತರ ಇರುವುದಿಲ್ಲ. ಇದನ್ನು ತಿಳಿಯದೆ ಒಂದು ಬಾಟಲಿ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿ ಆ ರಿಪೋರ್ಟಿನ ಮೇಲೆ ಪ್ಲಾಂಟ್ ಡಿಸೈನ್ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ರಾತ್ರಿ ಪ್ಯಾಕಿಂಗ್ ಮುಗಿದ ಮೇಲೆ ಸಿಐಪಿ ಶುರುವಾಗುತ್ತದೆ. ಪೈಪು, ಸೈಲೋ, ಪಾಶ್ಚರೈಸರ್ ಎಲ್ಲವನ್ನೂ ಬಿಚ್ಚದೆ ಒಳಗಿಂದಲೇ ತೊಳೆಯುವ ಕೆಲಸ ಅದು. ಮೊದಲು ಬರೀ ನೀರು ಬಿಡುತ್ತಾರೆ. ಪೈಪಿನಲ್ಲಿ ಉಳಿದ ಹಾಲನ್ನು ತಳ್ಳಿಕೊಂಡು ಬರುವ ಆ ನೀರು ಬೆಳ್ಳಗಿರುತ್ತದೆ. ಆಮೇಲೆ 70-80 ಡಿಗ್ರಿ ಬಿಸಿಯ ಕಾಸ್ಟಿಕ್ ಸೋಡಾ. ಅದು ಜಿಡ್ಡು, ಪ್ರೋಟೀನು ಎಬ್ಬಿಸುತ್ತದೆ. ಮತ್ತೆ ನೀರು. ಆಮೇಲೆ ನೈಟ್ರಿಕ್ ಆಸಿಡ್, ಹಾಲಿನ ಕಲ್ಲು (ಪೈಪಿಗೆ ಅಂಟುವ ಹಾಲಿನ ಲವಣದ ಗಟ್ಟಿ ಪದರ) ಕರಗಿಸಲು. ಮತ್ತೆ ನೀರು. ಒಂದೇ ಚೇಂಬರ್ ಪಕ್ಕ ಪಿಎಚ್ ಮೀಟರ್ ಹಿಡಿದು ನಿಂತರೆ ಒಂದು ರಾತ್ರಿಯಲ್ಲಿ 12 ನೋಡಬಹುದು, 2 ಕೂಡ ನೋಡಬಹುದು. ಎರಡರ ಮಧ್ಯೆ ಹಾಲಿನ ಬಣ್ಣದ ನೀರು, ಕ್ರೇಟ್ ತೊಳೆದ ಸೋಪಿನ ನೀರು, ತುಪ್ಪದ ಸೆಕ್ಷನ್ನಿನ ಬಿಸಿ ಜಿಡ್ಡು ನೀರು. ನಿಯಮದಲ್ಲಿ ಒಂದು ಲೀಟರ್ ಹಾಲಿಗೆ ಮೂರು ಲೀಟರ್‌ಗಿಂತ ಜಾಸ್ತಿ ಕೊಳೆನೀರು ಬರಬಾರದು ಅಂತಿದೆ. ಅದರೊಳಗೆ ಇರುವವರು ಇದ್ದಾರೆ. ಮೀಟರೇ ಇಡದವರೂ ಇದ್ದಾರೆ.

ಸೀಸನ್ ಬೇರೆ. ಬೇಸಿಗೆಯಲ್ಲಿ ಮಸಾಲೆ ಮಜ್ಜಿಗೆ ಪ್ಯಾಕೆಟ್ ಲೈನು ಹಗಲೂ ರಾತ್ರಿ ಓಡುತ್ತದೆ. ಮಜ್ಜಿಗೆಗೆ ಉಪ್ಪು ಹಾಕಿರುತ್ತಾರಲ್ಲ, ಆ ಲೈನು ತೊಳೆದ ನೀರಿನ ಜೊತೆ ಉಪ್ಪೂ ಇಟಿಪಿಗೆ ಬರುತ್ತದೆ. ಬ್ಯಾಕ್ಟೀರಿಯಾ ಉಪ್ಪನ್ನು ತಿನ್ನುವುದಿಲ್ಲ. ಗಾಳಿ ಊದಿ ಬ್ಯಾಕ್ಟೀರಿಯಾ ಸಾಕುವ ಏರೇಷನ್ ಟ್ಯಾಂಕ್ ದಾಟಿ ನೆಟ್ಟಗೆ ಆರ್‌ಒ ಬಾಗಿಲಿಗೆ ಬಂದು ನಿಲ್ಲುತ್ತದೆ. ಫೆಬ್ರವರಿಯಲ್ಲಿ ಸರಿಯಾಗಿದ್ದ ಆರ್‌ಒ ಏಪ್ರಿಲ್‌ನಲ್ಲಿ ಯಾಕೆ ಮುನಿಸಿಕೊಂಡಿತು ಅಂದರೆ ಇಂಥವೇ ಕಾರಣ ಇರುತ್ತವೆ. ರಿಟರ್ನ್ ಬಂದ ಪ್ಯಾಕೆಟ್‌ಗಳನ್ನು ಕತ್ತರಿಸಿ ಮೋರಿಗೆ ಸುರಿಯುವ ದಿನ ಇಟಿಪಿ ಆಪರೇಟರ್‌ಗೆ ಯಾರೂ ಹೇಳುವುದೂ ಇಲ್ಲ. ವಾಸನೆಯಿಂದ ಅವರಿಗೇ ಗೊತ್ತಾಗುತ್ತದೆ.

ಬೇರೆ ಬೇರೆ ಹೊತ್ತಿನ ನೀರನ್ನು ಕೂಡಿಸಿ ಬೆರೆಸುವ ಈಕ್ವಲೈಸೇಷನ್ ಟ್ಯಾಂಕಿನಲ್ಲಿ ಗಾಳಿ ಸರಿಯಾಗಿ ಹೋಗದಿದ್ದರೆ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಹುಳಿಯಾಗಿ ಲ್ಯಾಕ್ಟಿಕ್ ಆಸಿಡ್ ಆಗುತ್ತದೆ. ಪಿಎಚ್ ಇಳಿಯುತ್ತ ಹೋಗಿ 4.6ರ ಹತ್ತಿರ ಬಂದರೆ ಹಾಲಿನ ಮುಖ್ಯ ಪ್ರೋಟೀನ್ ಕೇಸೀನ್ ಒಡೆಯುತ್ತದೆ. ಟ್ಯಾಂಕಿನ ಮೇಲೆ ದಪ್ಪ ಬಿಳೀ ಪದರ ಕಟ್ಟುತ್ತದೆ. ಕೋಲಿನಿಂದ ತಳ್ಳಿದರೆ ತುಂಡು ತುಂಡಾಗಿ ಸರಿಯುತ್ತದೆ, ಕೆಳಗಿಂದ ಗುಳ್ಳೆ ಬರುತ್ತದೆ, ಹಳಸಿದ ಬೆಣ್ಣೆಯ ನಾತ ಮೂಗಿಗೆ ಹೊಡೆಯುತ್ತದೆ. ಬಟ್ಟೆಗೆ ಹತ್ತಿದರೆ ಮನೆಗೆ ಹೋಗಿ ತೊಳೆದರೂ ಹೋಗಲ್ಲ. ಈ ನೀರನ್ನು ಮೆಂಬ್ರೇನ್ ಹತ್ತಿರ ಬಿಡುವ ಯೋಚನೆಯನ್ನೇ ಮಾಡಬೇಡಿ.

ಸರಿ, ಮೆಂಬ್ರೇನ್ ಅಂದರೇನು? ಅತಿ ಸಣ್ಣ ತೂತಿನ ಜರಡಿ ಅಂದುಕೊಳ್ಳಿ. ಹಾಲಿನ ವಿಚಾರದಲ್ಲಿ ಈ ಹೋಲಿಕೆ ಚೆನ್ನಾಗಿ ಒದಗುತ್ತದೆ, ಯಾಕಂದ್ರೆ ಹಾಲಿನೊಳಗಿನ ಒಂದೊಂದು ಪದಾರ್ಥವೂ ಒಂದೊಂದು ಗಾತ್ರದ್ದು. ಹಸಿ ಹಾಲಿನ ಕೊಬ್ಬಿನ ಹನಿಗಳು ಬಹುಪಾಲು ಕೆಲವು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ದೊಡ್ಡವು. ಕೇಸೀನ್ ಉಂಡೆಗಳು ಸರಾಸರಿ 0.15 ಮೈಕ್ರಾನ್. ವ್ಹೇ, ಅಂದರೆ ಹಾಲು ಒಡೆದಾಗ ಉಳಿಯುವ ತಿಳಿ ನೀರು, ಅದರಲ್ಲಿನ ಪ್ರೋಟೀನ್ ಇನ್ನೂ ಸಣ್ಣದು, ಕೆಲವೇ ನ್ಯಾನೋಮೀಟರ್. ಲ್ಯಾಕ್ಟೋಸ್ ಅದಕ್ಕಿಂತ ಸಣ್ಣ ಸಕ್ಕರೆ, ಅಣುತೂಕ 342. ಕೊನೆಗೆ ಉಪ್ಪು. ಮೈಕ್ರೋಫಿಲ್ಟ್ರೇಷನ್ ಕೊಬ್ಬನ್ನೂ ಬ್ಯಾಕ್ಟೀರಿಯಾವನ್ನೂ ಹಿಡಿಯುತ್ತದೆ. ಅಲ್ಟ್ರಾಫಿಲ್ಟ್ರೇಷನ್, ಅಂದರೆ ಯುಎಫ್, ಪ್ರೋಟೀನ್ ಹಿಡಿದು ಲ್ಯಾಕ್ಟೋಸ್ ಬಿಡುತ್ತದೆ. ನ್ಯಾನೋಫಿಲ್ಟ್ರೇಷನ್ ಲ್ಯಾಕ್ಟೋಸ್ ಹಿಡಿದು ಅಡುಗೆ ಉಪ್ಪಿನಂಥ ಲವಣವನ್ನು ಒಂದಷ್ಟು ಬಿಡುತ್ತದೆ. ಆರ್‌ಒ ಹೆಚ್ಚುಕಮ್ಮಿ ಎಲ್ಲವನ್ನೂ ತಡೆಯುತ್ತದೆ. ತೂತು ಸಣ್ಣದಾದಷ್ಟೂ ಒತ್ತಡ ಜಾಸ್ತಿ ಬೇಕು, ಕರೆಂಟ್ ಬಿಲ್ಲೂ ಜಾಸ್ತಿ. ಯುಎಫ್‌ಗೆ ಕೆಲವು ಬಾರ್ ಸಾಕು, ಗಟ್ಟಿಯಾದ ಡೈರಿ ನೀರಿಗೆ ಆರ್‌ಒ ಅಂದರೆ 20ರಿಂದ 40 ಬಾರ್ ತನಕ ಹೋಗುತ್ತದೆ.

ಜರಡಿಯ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಇಲ್ಲಿ ನೀರು ಮೇಲಿಂದ ನೇರವಾಗಿ ಕೆಳಕ್ಕೆ ಬೀಳಲ್ಲ. ಮೆಂಬ್ರೇನ್ ಮೈಮೇಲೆ ಅಡ್ಡಕ್ಕೆ ಜೋರಾಗಿ ಹರಿಯುತ್ತದೆ, ಸ್ವಲ್ಪ ಮಾತ್ರ ಒಳಗೆ ಇಳಿಯುತ್ತದೆ. ಅಡ್ಡ ಹರಿವು ನಿಂತರೆ ಕೊಳೆ ಕೂತುಬಿಡುತ್ತದೆ. ಕರೆಂಟ್ ಉಳಿಸೋಣ ಅಂತ ಪಂಪಿನ ಸ್ಪೀಡ್ ಇಳಿಸುವ ಬುದ್ಧಿವಂತರು ಎಲ್ಲ ಕಡೆ ಇರುತ್ತಾರೆ.

ನೀವು ಮನೆಯಲ್ಲಿ ಕುಡಿಯೋ ನೀರಿಗೆ ಇಟ್ಟಿರುವ ಆರ್‌ಒ ಕಥೆಯಲ್ಲಿ ನಮ್ಮವರೊಬ್ಬರು ಇದ್ದಾರೆ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಸೇರಿ ಸೆಲ್ಯುಲೋಸ್ ಅಸಿಟೇಟಿನ ಮೆಂಬ್ರೇನ್ ಮಾಡಿದರು. ಮೇಲೆ ತೀರಾ ತೆಳ್ಳಗಿನ ಬಿಗಿ ಪದರ, ಕೆಳಗೆ ಸಡಿಲ ಪದರ. ಅದಕ್ಕೆ ಮುಂಚೆ ಆರ್‌ಒ ಅಂದರೆ ಹನಿ ಹನಿ ನೀರು ಬರುತ್ತಿತ್ತು, ಕೆಲಸಕ್ಕೆ ಬರುವಂಥದ್ದಲ್ಲ. ಡೈರಿಯವರು ಇದನ್ನು ಬೇಗ ಹಿಡಿದರು. 1969ರಲ್ಲೇ ಫ್ರಾನ್ಸಿನ ಮೂವರು, ಮೊಬುವಾ, ಮೊಕೊ, ವಸಾಲ್, ಯುಎಫ್ ಬಳಸಿ ಚೀಸ್ ಮಾಡುವ ವಿಧಾನಕ್ಕೆ ಪೇಟೆಂಟ್ ಹಾಕಿದ್ದರು. ಅಂದ್ರೆ ಡೈರಿಯಲ್ಲಿ ಮೆಂಬ್ರೇನ್ ಮೊದಲು ಬಂದದ್ದು ಪ್ರೊಡಕ್ಷನ್ ಹಾಲ್‌ಗೆ, ಇಟಿಪಿಗೆ ಅಲ್ಲ. ಹಾಲಿನಲ್ಲಿ ಏನಿದೆಯೋ ಅದನ್ನು ಉಳಿಸಿಕೊಳ್ಳಲು. ನಾವು ಅದನ್ನು ತಂದು ಹಿತ್ತಲಲ್ಲಿ ಇಟ್ಟಿದ್ದೇವೆ.

ಹಿತ್ತಲಲ್ಲಿ ಇಟ್ಟರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಬೇಕು ಅಂದರೆ ಕೆಟ್ಟ ಎಲಿಮೆಂಟ್ (ಮೆಂಬ್ರೇನ್ ಹಾಳೆ ಸುತ್ತಿದ ಉರುಳೆ) ಒಂದನ್ನು ಕೊಯ್ದು ನೋಡಬೇಕು. ನಗರದ ಹೊರಗಿನ ಒಂದು ಖಾಸಗಿ ಡೈರಿಯಲ್ಲಿ ಹಾಗೇ ಮಾಡಿದೆವು. ಆರ್‌ಒ ಹಾಕಿ ಒಂದು ವರ್ಷ ಕೂಡ ಆಗಿರಲಿಲ್ಲ, ಒತ್ತಡ ಏರುತ್ತಲೇ ಇತ್ತು, ನೀರು ಅರ್ಧಕ್ಕೆ ಇಳಿದಿತ್ತು. ಸಪ್ಲೈ ಮಾಡಿದವರು “ಮೆಂಬ್ರೇನ್ ಬದಲಿಸಿ” ಅಂತ ಕೊಟೇಶನ್ ಕಳಿಸಿದ್ದರು. ನಾನು ಬದಲಿಸೋ ಮುಂಚೆ ಒಂದನ್ನು ಕೊಯ್ಯೋಣ ಅಂದೆ. ಹೊರಗಿನ ಫೈಬರ್ ಕವಚವನ್ನು ಕಟ್ಟಿಂಗ್ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಎರಡೂ ತುದಿಯ ಕ್ಯಾಪ್ ಕತ್ತರಿಸಿ, ಸುತ್ತಿದ ಹಾಳೆಗಳನ್ನು ಶೆಡ್ಡಿನ ನೆಲದ ಮೇಲೆ ಬಿಡಿಸಿದೆವು. ನಡುವಿನ ಪ್ಲಾಸ್ಟಿಕ್ ಬಲೆಯ ಒಂದೊಂದು ಕಣ್ಣಿನಲ್ಲೂ ಕೆನೆಬಣ್ಣದ ಲೋಳೆ. ಬೆರಳಲ್ಲಿ ಉಜ್ಜಿದರೆ ಜಾರುತ್ತದೆ, ಬಿಡಲ್ಲ. ಮೊದಲ ಎಲಿಮೆಂಟ್‌ನಲ್ಲಿ ಹೀಗೆ. ಸಾಲಿನ ಕೊನೆಯ ಎಲಿಮೆಂಟ್ ಕೊಯ್ದರೆ ಅಲ್ಲಿ ಲೋಳೆ ಕಡಿಮೆ, ಬದಲಿಗೆ ಮರಳು ಕಾಗದ ಮುಟ್ಟಿದ ಹಾಗೆ ತರಿ ತರಿ. ಅದರ ಮೇಲೆ ಎರಡು ಹನಿ ಆಸಿಡ್ ಬಿಟ್ಟೆ. ಗುಳ್ಳೆ ಬರಲಿಲ್ಲ, ಆದರೆ ಕರಗಿತು. ಸುಣ್ಣದ ಕಾರ್ಬೊನೇಟ್ ಆಗಿದ್ದರೆ ನೊರೆ ಏಳಬೇಕಿತ್ತು. ಇದು ಕ್ಯಾಲ್ಸಿಯಂ ಫಾಸ್ಫೇಟ್ ಇರಬೇಕು ಅಂದುಕೊಂಡೆವು, ಲ್ಯಾಬ್ ರಿಪೋರ್ಟೂ ಅದನ್ನೇ ಹೇಳಿತು. ಹಾಲಿನಲ್ಲಿ ಕ್ಯಾಲ್ಸಿಯಮ್ಮೂ ಇದೆ, ಫಾಸ್ಫೇಟೂ ಇದೆ. ನೀರು ಗಟ್ಟಿಯಾಗುತ್ತ ಬಂದ ಹಾಗೆ ಕೊನೆಯ ಎಲಿಮೆಂಟಿನಲ್ಲಿ ಕೂರುತ್ತದೆ. ನಾವು ಬೋರ್‌ವೆಲ್ ನೀರಿಗೆ ಹಾಕುವ ಸಾಮಾನ್ಯ ಆ್ಯಂಟಿಸ್ಕೇಲೆಂಟ್ (ಲವಣ ಕಟ್ಟದಂತೆ ತಡೆಯುವ ರಾಸಾಯನಿಕ) ಇದನ್ನು ಅಷ್ಟಾಗಿ ತಡೆಯಲ್ಲ. ಪಿಎಚ್ ಸ್ವಲ್ಪ ಇಳಿಸಿಟ್ಟುಕೊಳ್ಳುವುದೇ ದಾರಿ.

ಅಲ್ಲಿದ್ದ ಆಪರೇಟರ್ ಒಳ್ಳೆ ಹುಡುಗ, ಶ್ರದ್ಧೆಯಿಂದ ವಾರ ವಾರ ತೊಳೆಯುತ್ತಿದ್ದ. “ಹೇಗೆ ತೊಳೀತೀಯಪ್ಪ?” ಅಂತ ಕೇಳಿದೆ.

“ಮೊದ್ಲು ಆಸಿಡ್ ಸಾರ್, ಆಮೇಲೆ ಕಾಸ್ಟಿಕ್. ಟ್ರೈನಿಂಗಲ್ಲಿ ಹಂಗೇ ಹೇಳ್ಕೊಟ್ರು.”

ಅವನದ್ದೇನೂ ತಪ್ಪಿಲ್ಲ. ಬೋರ್‌ವೆಲ್ ನೀರಿನ ಆರ್‌ಒಗೆ ಹಾಗೆ ಮಾಡುವವರು ಬಹಳ ಜನ, ಅಲ್ಲಿ ಮುಖ್ಯ ತೊಂದರೆ ಸುಣ್ಣ. ಡೈರಿಯಲ್ಲಿ ಮೇಲೆ ಕೂತಿರೋದು ಪ್ರೋಟೀನು, ಜಿಡ್ಡು. ಅದರ ಮೇಲೆ ಆಸಿಡ್ ಬಿಟ್ಟರೆ ಕೇಸೀನ್ ಅಲ್ಲೇ ಒಡೆದು ಗಟ್ಟಿಯಾಗುತ್ತದೆ. ಮೊದಲು ಕಾಸ್ಟಿಕ್, ಪಿಎಚ್ 11-12ರ ಸುಮಾರಿಗೆ, ಬೇಕಿದ್ದರೆ ಪ್ರೋಟೀನ್ ಕತ್ತರಿಸುವ ಎನ್‌ಝೈಮ್ ಸೇರಿಸಿ. ಚೆನ್ನಾಗಿ ನೀರು ಬಿಟ್ಟು ಆಮೇಲೆ ಆಸಿಡ್. ಬಿಸಿ ಎಷ್ಟಿರಬಹುದು ಅನ್ನೋದು ಮೆಂಬ್ರೇನ್ ಕಂಪನಿಯ ಹಾಳೆಯಲ್ಲಿ ಬರೆದಿರುತ್ತದೆ. ಪಿಎಚ್ ಜಾಸ್ತಿ ಇದ್ದಾಗ ಬಿಸಿ ಕಡಿಮೆ ಇರಬೇಕು. ತೊಳೆಯೋದನ್ನು ವಾರ ನೋಡಿ ಅಲ್ಲ, ಸೂಚನೆ ನೋಡಿ ಮಾಡಬೇಕು. ಉಷ್ಣತೆ-ಒತ್ತಡ ಸರಿಹೊಂದಿಸಿ ಲೆಕ್ಕ ಹಾಕಿದ ಮೇಲೂ ನೀರು ನೂರಕ್ಕೆ 10-15 ಭಾಗ ಇಳಿದಿದ್ದರೆ ಕೂಡಲೇ ತೊಳೆಯಿರಿ. ಅರ್ಧಕ್ಕೆ ಇಳಿಯುವ ತನಕ ಕಾದರೆ ಯಾವ ರಾಸಾಯನಿಕಕ್ಕೂ ಬಗ್ಗಲ್ಲ.

ಇನ್ನು ಡೈರಿಯೊಳಗಿನ ಬೇರೆ ಇಲಾಖೆಯವರು ಗೊತ್ತಿಲ್ಲದೆ ಮೆಂಬ್ರೇನ್ ಕೊಲ್ಲುವ ಬಗೆಗಳು. ಇದನ್ನು ಯಾವ ಕೊಟೇಶನ್‌ನಲ್ಲೂ ಬರೆದಿರಲ್ಲ. ಏರೇಷನ್ ಟ್ಯಾಂಕಿನಲ್ಲಿ ಹಾಲಿನ ಪ್ರೋಟೀನಿನಿಂದ ನೊರೆ ಏಳುತ್ತದೆ. ನೊರೆ ಕಂಡರೆ ಬೆಂಗಳೂರಿನವರಿಗೆ ಬೆಳ್ಳಂದೂರು ಕೆರೆ ನೆನಪಾಗಿ ಗಾಬರಿ. ಮ್ಯಾನೇಜರ್ ಬೈತಾರೆ ಅಂತ ಆಪರೇಟರ್ ಸಿಲಿಕೋನ್ ಡಿಫೋಮರ್ ಡಬ್ಬ ಡಬ್ಬ ಸುರಿಯುತ್ತಾರೆ. ನೊರೆ ಇಳಿಯುತ್ತದೆ, ಸಿಲಿಕೋನ್ ಹೋಗಿ ಮೆಂಬ್ರೇನ್ ಮೈಗೆ ಅಂಟುತ್ತದೆ. ನೆಲ ಒರೆಸಲು ಬಳಸುವ ಕ್ವಾಟ್ ಜಾತಿಯ ಸ್ಯಾನಿಟೈಸರ್ ಇದೆಯಲ್ಲ, ಅದರ ಚಾರ್ಜ್ ಪಾಸಿಟಿವ್. ಸಾಮಾನ್ಯ ಆರ್‌ಒ ಪಾಲಿಅಮೈಡ್ ಮೆಂಬ್ರೇನ್‌ನ ಮೈ ನೆಗೆಟಿವ್. ಅಂಟಿಕೊಂಡರೆ ಬಿಡಿಸೋದು ಕಷ್ಟ. ಡಿಎಎಫ್, ಅಂದರೆ ಸಣ್ಣ ಗಾಳಿಗುಳ್ಳೆ ಬಿಟ್ಟು ಜಿಡ್ಡು ತೇಲಿಸಿ ತೆಗೆಯುವ ಟ್ಯಾಂಕ್, ಅದಕ್ಕೆ ಹಾಕುವ ಕ್ಯಾಟಯಾನಿಕ್ (ಪಾಸಿಟಿವ್ ಚಾರ್ಜಿನ) ಪಾಲಿಮರ್ ಅಳತೆ ಮೀರಿದರೂ ಇದೇ ಗತಿ. ಕ್ಲೋರಿನ್ ಮಾತಂತೂ ಕೇಳಲೇಬೇಡಿ, ಪಾಲಿಅಮೈಡನ್ನು ಅದು ತಿಂದೇ ಹಾಕುತ್ತದೆ, ತೊಳೆದು ವಾಪಸ್ ತರುವ ಮಾತೇ ಇಲ್ಲ. ಅದೇ ಯುಎಫ್‌ನಲ್ಲಿ ಬಳಸುವ ಪಿವಿಡಿಎಫ್ ಪ್ಲಾಸ್ಟಿಕ್ ಕ್ಲೋರಿನ್ ತಡೆದುಕೊಳ್ಳುತ್ತದೆ. ಒಂದೇ ಶೆಡ್ಡಿನಲ್ಲಿ ಅಕ್ಕಪಕ್ಕ ಎರಡೂ ಇರುತ್ತವೆ, ಡೋಸಿಂಗ್ ಪಂಪಿನ ಪೈಪು ಅದಲು ಬದಲಾದರೆ ಮುಗೀತು.

ನಮ್ಮೂರಿನದ್ದೇ ಒಂದು ಹೆಚ್ಚುವರಿ ಕಾಟವೂ ಇದೆ. ಸಿಲಿಕಾ. ಇಲ್ಲಿನ ಬಂಡೆ ನೆಲದ ಬೋರ್‌ವೆಲ್ ನೀರಿನಲ್ಲಿ ಅದು ಕರಗಿ ಬರುತ್ತದೆ. ಸಾಧಾರಣ ಉಷ್ಣತೆಯಲ್ಲಿ ಲೀಟರಿಗೆ 120 ಮಿಲಿಗ್ರಾಂ ಆಸುಪಾಸು ದಾಟಿದರೆ ಸಿಲಿಕಾ ಕೂರಲು ಶುರು. ಒಳಗೆ ಬರುವ ನೀರಿನಲ್ಲಿ 40 ಇದ್ದರೆ ಮೂರುಪಟ್ಟು ಗಟ್ಟಿ ಮಾಡುವಷ್ಟರಲ್ಲಿ ಮಿತಿ ಮುಟ್ಟಿತು. ನೂರರಲ್ಲಿ 90 ಭಾಗ ನೀರು ವಾಪಸ್ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಸಿಲಿಕಾ ಎಷ್ಟಿದೆ ನೋಡಿದಿರಾ ಅಂತ ಕೇಳಿ. ಮುಖ ನೋಡಿದರೆ ಗೊತ್ತಾಗುತ್ತದೆ.

ಎಂಬಿಆರ್ (ಮೆಂಬ್ರೇನ್ ಬಯೋರಿಯಾಕ್ಟರ್) ಬಗ್ಗೆ ಎರಡು ಮಾತು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಎಸ್‌ಟಿಪಿ (ಕೊಳಚೆ ಶುದ್ಧ ಮಾಡುವ ಘಟಕ) ಇರುವವರಿಗೆ ಈ ಹೆಸರು ಪರಿಚಯ ಇರುತ್ತದೆ. ಏರೇಷನ್ ಟ್ಯಾಂಕಿನ ಸ್ಲಡ್ಜನ್ನು (ಬ್ಯಾಕ್ಟೀರಿಯಾ ತುಂಬಿದ ಕೆಸರನ್ನು) ತಳಕ್ಕೆ ಕೂರಲು ಬಿಡುವ ಬದಲು ಮೆಂಬ್ರೇನ್ ಮುಳುಗಿಸಿ ನೀರು ಎಳೆಯುವುದು. ಡೈರಿಗೆ ಇದು ನನಗೆ ಇಷ್ಟವಾದ ವ್ಯವಸ್ಥೆ, ಯಾಕೆಂದರೆ ಹಾಲಿನ ಸಕ್ಕರೆ ಜಾಸ್ತಿ ಇರುವ ನೀರಿನಲ್ಲಿ ನೂಲಿನಂತಹ ಬ್ಯಾಕ್ಟೀರಿಯಾ ಬೆಳೆದು ಸ್ಲಡ್ಜ್ ಕೂರದೆ ತೇಲುವ ಕಾಯಿಲೆ ಪದೇ ಪದೇ ಬರುತ್ತದೆ. ಮೆಂಬ್ರೇನ್ ಇದ್ದರೆ ಸ್ಲಡ್ಜ್ ಕೂರದಿದ್ದರೂ ಹೊರಗೆ ಹೋಗಲ್ಲ. ಸ್ಲಡ್ಜನ್ನು ಲೀಟರಿಗೆ 8,000-12,000 ಮಿಲಿಗ್ರಾಂ ತನಕ ಇಟ್ಟುಕೊಳ್ಳಬಹುದು, ಹಾಗಾಗಿ ಟ್ಯಾಂಕ್ ಚಿಕ್ಕದು. ಆದರೆ ಜಿಡ್ಡು ಮೊದಲೇ ತೆಗೆದಿರಬೇಕು. ಡಿಎಎಫ್ ದಾಟಿದ ಮೇಲೆ ಎಣ್ಣೆ-ಜಿಡ್ಡು ಲೀಟರಿಗೆ 50 ಮಿಲಿಗ್ರಾಂ ಕೆಳಗೆ ಇರಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಡಿಎಎಫ್ ಇಲ್ಲದೆ ಎಂಬಿಆರ್ ಮಾಡಿಕೊಡಿ ಅಂದರೆ ಆ ಕೆಲಸ ಬೇರೆಯವರಿಗೆ ಕೊಡಿ ಅನ್ನುತ್ತೇನೆ.

ಈಗ ಮುಖ್ಯ ವಿಷಯ, ಮೊದಲಲ್ಲಿ ಇಡೋದು. ಸಿಐಪಿಯ ಮೊದಲ ನೀರು ಬೆಳ್ಳಗಿರುತ್ತದೆ ಅಂದೆನಲ್ಲ, ಅದು ನೀರು ಬೆರೆಸಿದ ಹಾಲು. ಕಾಸ್ಟಿಕ್ ಇನ್ನೂ ಸೇರಿಲ್ಲ, ನೆಲಕ್ಕೆ ಬಿದ್ದಿಲ್ಲ, ಹುಳಿಯಾಗಿಲ್ಲ. ಡ್ರೈನ್ ವಾಲ್ವ್ ಪಕ್ಕ ಒಂದು ಸೆನ್ಸರ್ ಇಟ್ಟು, ಬೆಳ್ಳಗಿರುವ ತನಕ ಬೇರೆ ಟ್ಯಾಂಕಿಗೆ ತಿರುಗಿಸಿದರೆ ಇಟಿಪಿಯ ಭಾರದಲ್ಲಿ ದೊಡ್ಡ ಪಾಲು ಅಲ್ಲಿಗೇ ಕಳೆಯಿತು. ಆ ನೀರನ್ನು ತಣ್ಣಗೆ ಇಟ್ಟು ನ್ಯಾನೋ ಅಥವಾ ಆರ್‌ಒದಲ್ಲಿ ಗಟ್ಟಿ ಮಾಡಿದರೆ ಒಂದು ಕಡೆ ಹಾಲಿನ ಘನಾಂಶ, ಇನ್ನೊಂದು ಕಡೆ ತಿಳಿ ನೀರು. ಘನಾಂಶ ಪಶು ಆಹಾರಕ್ಕೆ ಹೋಗಬಹುದು. ಅದೇ ಮೆಂಬ್ರೇನು, ಆದರೆ ಬರುವ ನೀರು ಹಸನಾಗಿರುವುದರಿಂದ ಬಾಳಿಕೆ ಬೇರೆ. ಬಳಸಿದ ಕಾಸ್ಟಿಕ್ ಕೂಡ ಸುಮ್ನೆ ಚೆಲ್ಲಬೇಕಿಲ್ಲ. ಕ್ಷಾರ ತಡೆಯುವ ನ್ಯಾನೋ ಮೆಂಬ್ರೇನ್‌ಗಳಿವೆ. ಕೊಳೆ ಈ ಕಡೆ ಉಳಿಯುತ್ತದೆ, ಕಾಸ್ಟಿಕ್ ಆ ಕಡೆ ದಾಟಿ ಮತ್ತೆ ಸಿಐಪಿ ಟ್ಯಾಂಕಿಗೆ ಹೋಗುತ್ತದೆ. ಚಿಕ್ಕ ಡೈರಿಗೆ ಇದು ದುಬಾರಿ, ದೊಡ್ಡವರು ಲೆಕ್ಕ ಹಾಕಿ ನೋಡಲೇಬೇಕು.

ಪನೀರ್ ಯೂನಿಟ್‌ನವರ ಕಥೆಯೇ ಬೇರೆ. ಊರೊಳಗೆ ಶೆಡ್ಡಿನಲ್ಲಿ ಪನೀರ್ ಮಾಡಿ ಹಸಿರು ಹಳದಿ ನೀರನ್ನು ಒಳಚರಂಡಿಗೆ ಬಿಡುವ ಜಾಗಗಳು ಎಷ್ಟಿವೆಯೋ. ವ್ಹೇ ನೀರಿನ ಬಿಒಡಿ 30,000ದಿಂದ 50,000 ತನಕ ಇರುತ್ತದೆ. ಯಾರೋ ವಿಡಿಯೋ ನೋಡಿ “ಯುಎಫ್ ಹಾಕಿ ವ್ಹೇ ಪ್ರೋಟೀನ್ ಪುಡಿ ಮಾಡಿ ಮಾರೋಣ ಸಾರ್, ಜಿಮ್‌ನವರು ಕೆಜಿಗೆ ಸಾವಿರಾರು ಕೊಡ್ತಾರೆ” ಅಂತ ಬರುತ್ತಾರೆ. ಆಸೆ ಮುರಿಯೋಕೆ ಬೇಜಾರೇ, ಆದ್ರೂ ಹೇಳಬೇಕು. ಆ ಪುಡಿ ಬರುವುದು ಚೀಸ್ ಮಾಡಿದ ವ್ಹೇಯಿಂದ. ಚೀಸ್‌ಗೆ ಹಾಲನ್ನು ಅಷ್ಟು ಕಾಯಿಸಲ್ಲ. ಪನೀರ್‌ಗೆ ಚೆನ್ನಾಗಿ ಬಿಸಿ ಮಾಡಿ ಹುಳಿ ಹಾಕಿ ಒಡೆಸುತ್ತೀರಿ. ಆ ಬಿಸಿಗೆ ವ್ಹೇ ಪ್ರೋಟೀನಿನ ಬಹುಪಾಲು ಕೆಟ್ಟು ಕೇಸೀನ್ ಜೊತೆ ಪನೀರ್‌ನಲ್ಲೇ ಸೇರಿಹೋಗುತ್ತದೆ. ಉಳಿದ ನೀರಿನಲ್ಲಿ ಮುಖ್ಯವಾಗಿ ಲ್ಯಾಕ್ಟೋಸ್, ಉಪ್ಪು, ನೀವು ಹಾಕಿದ ಹುಳಿ. ಅದನ್ನು ನ್ಯಾನೋದಲ್ಲಿ ಗಟ್ಟಿ ಮಾಡಿ ದನದ ಮೇವಿಗೆ ಕೊಡಬಹುದು, ಇಲ್ಲ ಗಾಳಿಯಿಲ್ಲದ ಟ್ಯಾಂಕಿನಲ್ಲಿ ಬಯೋಗ್ಯಾಸ್ ಮಾಡಿ ಬಾಯ್ಲರ್‌ಗೆ ಉರಿಸಬಹುದು. ಜಿಮ್ ಪುಡಿ ಮಾತ್ರ ಆಗಲ್ಲ.

ರಿಜೆಕ್ಟ್, ಅಂದರೆ ಮೆಂಬ್ರೇನ್ ದಾಟದೆ ಉಳಿದ ಗಟ್ಟಿ ನೀರು, ಎಲ್ಲಿಗೆ ಹೋಗುತ್ತದೆ ಅಂತ ಕೇಳಿದಾಗ ಸಾಮಾನ್ಯವಾಗಿ ಮೀಟಿಂಗ್‌ನಲ್ಲಿ ಎಲ್ಲರೂ ಕಾಫಿ ಕಡೆ ನೋಡುತ್ತಾರೆ. ಆರ್‌ಒ ನೂರಕ್ಕೆ 75 ಭಾಗ ನೀರು ಕೊಟ್ಟಿತು ಅಂದರೆ ಉಳಿದ 25 ಭಾಗದಲ್ಲಿ ಉಪ್ಪು ನಾಲ್ಕುಪಟ್ಟು. ಡೈರಿಯಲ್ಲಿ ಆ ಉಪ್ಪಿನ ಬಹುಪಾಲು ಸೋಡಿಯಂ, ಬಂದದ್ದು ಕಾಸ್ಟಿಕ್‌ನಿಂದ. ಅದನ್ನು ಹಿಂದಿನ ಜಮೀನಿಗೆ, ತೋಟಕ್ಕೆ ಬಿಟ್ಟರೆ ಮಣ್ಣು ಬಿಗಿದು ನೀರು ಇಂಗುವುದು ನಿಲ್ಲುತ್ತದೆ. ಆವಿ ಮಾಡಿ ಒಣಗಿಸುವ ಎಂಇಇ ಹಾಕಿದರೆ ಸ್ಟೀಮಿನ ಖರ್ಚು ನೋಡಿ ಮಾಲೀಕರಿಗೆ ತಲೆ ತಿರುಗುತ್ತದೆ. ಕೆಲವು ಕಡೆ ಕಾಸ್ಟಿಕ್ ಸೋಡಾ ಬದಲು ಕಾಸ್ಟಿಕ್ ಪೊಟ್ಯಾಶ್ ಬಳಸುತ್ತಾರೆ, ರೇಟು ಜಾಸ್ತಿ, ಆದರೆ ಪೊಟ್ಯಾಷಿಯಂ ಗಿಡಕ್ಕೆ ಬೇಕಾದ್ದು. ನನ್ನ ಮಟ್ಟಿಗೆ ಇಲ್ಲಿಯೂ ಅಗ್ಗದ ದಾರಿ ಒಂದೇ, ಕಾಸ್ಟಿಕ್ ಎಷ್ಟು ಡ್ರಮ್ ಬರುತ್ತಿದೆ ಅಂತ ಸ್ಟೋರ್ ರಿಜಿಸ್ಟರ್ ನೋಡಿ ಅದನ್ನು ಇಳಿಸೋದು.

ವಾಪಸ್ ಬಂದ ನೀರು ಎಲ್ಲಿಗೆ? ಕೂಲಿಂಗ್ ಟವರ್, ಬಾಯ್ಲರ್, ಟ್ಯಾಂಕರ್‌ಗಳ ಹೊರಮೈ, ಅಂಗಳ ತೊಳೆಯಲು. ಹಾಲು ತಾಗುವ ಕಡೆ ಬೇಡ ಅಂತ ನಾನು ಖಡಾಖಂಡಿತ ಹೇಳುತ್ತೇನೆ. ಆರ್‌ಒ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಪೂರ್ತಿ ಖಾಲಿ ಅಲ್ಲ. ಯೂರಿಯಾ, ಹುಳಿ ನೀರಿನಲ್ಲಿರುವ ಲ್ಯಾಕ್ಟಿಕ್ ಆಸಿಡ್ ತರದ ಸಣ್ಣ ಅಣುಗಳು ಒಂದಷ್ಟು ದಾಟಿಬಿಡುತ್ತವೆ. ಕೂಲಿಂಗ್ ಟವರ್‌ನಲ್ಲಿ ಪಾಚಿ, ಲೋಳೆ ಜಾಸ್ತಿ ಆಯ್ತು ಅಂದ್ರೆ ಮೊದಲು ಅದನ್ನೇ ಅನುಮಾನಿಸಿ.

ಆರ್‌ಒ ಹಾಕಬೇಕು ಅಂತ ನನಗೆ ಫೋನ್ ಮಾಡುವವರು ಮೂರು ಕಾಗದ ರೆಡಿ ಮಾಡಿಟ್ಟುಕೊಂಡರೆ ಇಬ್ಬರಿಗೂ ಟೈಮ್ ಉಳಿಯುತ್ತದೆ. ಗಂಟೆ ಗಂಟೆಗೂ ತೆಗೆದು ಸೇರಿಸಿದ 24 ಗಂಟೆಯ ಸ್ಯಾಂಪಲ್ ರಿಪೋರ್ಟ್, ಅದರಲ್ಲಿ ಸಿಲಿಕಾ, ಕ್ಯಾಲ್ಸಿಯಂ, ಫಾಸ್ಫೇಟ್ ಇರಲೇಬೇಕು. ಎರಡನೇದು ಕಾಸ್ಟಿಕ್, ಆಸಿಡ್, ಸ್ಯಾನಿಟೈಸರ್, ಡಿಫೋಮರ್ ಖರೀದಿಯ ಲೆಕ್ಕ, ಬ್ರ್ಯಾಂಡ್ ಸಮೇತ. ಮೂರನೇದು ಹಾಲು ಒಳಗೆ ಬಂದದ್ದೆಷ್ಟು, ಪ್ಯಾಕೆಟ್ ಆಗಿ ಹೊರಗೆ ಹೋದದ್ದೆಷ್ಟು. ಈ ಮೂರನೇ ಕಾಗದ ಕೊಡೋಕೆ ಅಕೌಂಟ್ಸ್‌ನವರು ಹಿಂದೇಟು ಹಾಕುತ್ತಾರೆ. ಆದರೆ ಮೋರಿಗೆ ಹೋದದ್ದು ಎಷ್ಟು ಅನ್ನೋದು ಅದರಲ್ಲೇ ಇದೆ. ಇಷ್ಟಾದ ಮೇಲೂ ಮೆಂಬ್ರೇನ್ ಬೇಕು ಅನ್ನಿಸಿದರೆ ಒಂದೇ ಎಲಿಮೆಂಟಿನ ಪೈಲಟ್ ಸ್ಕಿಡ್ (ಪ್ರಯೋಗಕ್ಕಿರುವ ಸಣ್ಣ ಯಂತ್ರ) ಬಾಡಿಗೆಗೆ ತಂದು ನಿಮ್ಮ ನೀರಿನಲ್ಲೇ ಓಡಿಸಿ, ಮಜ್ಜಿಗೆ ಸೀಸನ್ ಒಳಗೆ ಬರುವ ಹಾಗೆ ನೋಡಿಕೊಳ್ಳಿ. ಬಾಡಿಗೆ ಜಾಸ್ತಿ ಅನ್ನುವವರು ಪೂರಾ ಸೆಟ್ ಮೆಂಬ್ರೇನ್ ಬದಲಿಸುವ ಕೊಟೇಶನ್ ಒಂದನ್ನು ತರಿಸಿ ಪಕ್ಕದಲ್ಲಿಟ್ಟುಕೊಂಡು ಮಾತಾಡಿ.